ಕುಂಕುಮ ಕಟ್ಟಿದ ಸ್ವಿಚ್ಚು

ನ್ಯಾಮತಿಯಲ್ಲಿ ನಮ್ಮ ಓಣಿಯ ಹಿಟ್ಟಿನ ಗಿರಣಿಯ ಹಿಂದೆ ತಗಡಿನ ಶೆಡ್ಡಿನೊಳಗೆ ಕೆನೆ ಬಣ್ಣದ ಹಳೆಯ ಫಿಯೆಟ್ ಕಾರೊಂದು ನಿಂತಿದೆ. ಅದನ್ನು ಈಗ ಮದುವೆಗಳಿಗೆ ಯಾಕೆ ಕೊಡುವುದಿಲ್ಲ, ಗಿರಣಿ ಗುರುಬಸಣ್ಣನಿಗೆ ಏನಾಗಿದೆ ಅಂತ ವಾಟ್ಸಾಪ್ ಗ್ರೂಪಿನಲ್ಲಿ ಕೇಳುತ್ತಲೇ ಇದ್ದೀರಿ. ಟೈಪ್ ಮಾಡುತ್ತ ಕೂತರೆ ನಾಳೆಯಾದರೂ ಮುಗಿಯುವುದಿಲ್ಲ, ಅದಕ್ಕೆ ಮಾತಾಡಿಯೇ ಕಳಿಸುತ್ತಿದ್ದೇನೆ. ಹಿಂದೆ ಗಿರಣಿಯ ಸದ್ದು ಕೇಳಿಸಿದರೆ ಸಹಿಸಿಕೊಳ್ಳಿ. ಇದು ನಗುವ ಕಥೆಯಲ್ಲ, ಅದನ್ನೂ ಮೊದಲೇ ಹೇಳಿಬಿಡುತ್ತೇನೆ.

ಗುರುಬಸಣ್ಣನ ಪೂರ್ತಿ ಹೆಸರು ಗುರುಬಸವರಾಜ್. ಬೆಳಿಗ್ಗೆ ಗಿರಣಿಯ ಬೆಲ್ಟು ಏರಿಸಿದರೆ ಸಂಜೆಯ ಹೊತ್ತಿಗೆ ಹುಬ್ಬು, ರೆಪ್ಪೆ, ಕಿವಿಯ ಕೂದಲು ಎಲ್ಲವೂ ಬಿಳಿ. ಯಾರಾದರೂ ರಾಗಿ ಡಬ್ಬಿ ಇಟ್ಟು "ಬೇಗ ಬೀಸಿಕೊಡ್ರಿ ಅಣ್ಣಾ" ಅಂದರೆ, "ಅವಸರ ನಿಂಗೈತೆ ತಾಯಿ, ಕಲ್ಲಿಗಿಲ್ಲ" ಅನ್ನುವರು. ಆದರೆ ಬೇಗನೇ ಬೀಸಿಕೊಡುವರು. ಅವರ ಮಗಳು ಕಾವ್ಯಶ್ರೀ ನನ್ನ ಗೆಳತಿ. ಶಾಲೆಗೂ ಕಾಲೇಜಿಗೂ ಒಟ್ಟಿಗೇ ಹೋದವರು ನಾವು. ಆ ಮನೆಯ ಅಡುಗೆಮನೆಯಲ್ಲಿ ಉಪ್ಪಿನಕಾಯಿ ಜಾಡಿ ಎಲ್ಲಿದೆ ಎಂದು ನನಗೆ ಕಣ್ಣುಮುಚ್ಚಿ ಹೇಳಲು ಬರುತ್ತದೆ.

ಕಾರು ಗುರುಬಸಣ್ಣನ ಅಪ್ಪನದು. ಅಪ್ಪ ಚನ್ನಗಿರಿಯಲ್ಲಿ ಅಡಿಕೆ ದಲಾಲಿ ಮಾಡುತ್ತಿದ್ದರಂತೆ. ಒಳ್ಳೆಯ ಕಾಲದಲ್ಲಿ ಕೊಂಡ ಕಾರು. ಹಿಂದಿನ ಸೀಟಿನ ತಲೆಯ ಮೇಲೆ ಒಂದು ಪುಟ್ಟ ದೀಪ ಹಾಕಿಸಿ, ಹಿಂದಿನ ಬಾಗಿಲಿಗೆ ಸ್ವಿಚ್ಚು ಕೊಡಿಸಿದ್ದೂ ಅವರೇ. ಆ ಸ್ವಿಚ್ಚು ಅಂದರೆ ಬಾಗಿಲ ಚೌಕಟ್ಟಿನಲ್ಲಿ ಬೆರಳ ತುದಿಯಷ್ಟು ಒಂದು ಗುಂಡಿ. ಬಾಗಿಲು ಮುಚ್ಚಿದರೆ ಗುಂಡಿ ಒಳಗೆ ಒತ್ತಿಕೊಳ್ಳುತ್ತದೆ, ದೀಪ ಆರುತ್ತದೆ. ಬಾಗಿಲು ತೆರೆದರೆ ಒಳಗಿನ ಸ್ಪ್ರಿಂಗು ಅದನ್ನು ಹೊರಗೆ ತಳ್ಳುತ್ತದೆ, ದೀಪ ಹತ್ತುತ್ತದೆ. ಇಷ್ಟೇ. ದೀಪದ ಮಗ್ಗುಲಲ್ಲೇ ಒಂದು ಸಣ್ಣ ಕಡ್ಡಿಯೂ ಇದೆ, ಬೇಕಾದಾಗ ಕೈಯಿಂದ ಹಚ್ಚಿಕೊಳ್ಳಲು. ಗುರುಬಸಣ್ಣನ ಕನ್ನಡಕ ಸೀಟಿನ ಸಂದಿಗೆ ಬಿದ್ದಾಗಲೆಲ್ಲ ಡ್ರೈವರ್ ಸೀಟಿನಲ್ಲಿ ಕೂತೇ ಕೈ ಹಿಂದೆ ಚಾಚಿ ಆ ಕಡ್ಡಿ ಒತ್ತುತ್ತಿದ್ದರು.

ಬಾಡಿಗೆಗೆ ಕೊಡುವ ಕಾರಲ್ಲ ಅದು. ಗೊತ್ತಿದ್ದವರ ಮದುವೆಯಾದರೆ ತಾವೇ ತೊಳೆದು, ಹೂ ಕಟ್ಟಿಸಿ, ತಾವೇ ಓಡಿಸಿಕೊಂಡು ಹೋಗಿ ಮದುಮಗಳನ್ನು ಗಂಡನ ಮನೆಗೆ ಬಿಟ್ಟು ಬರುತ್ತಿದ್ದರು. ಒಂದು ಸಲ ಹೀಗೇ ಒಂದು ಮದುವೆಯಲ್ಲಿ ಹೊರಡುವ ಹೊತ್ತಿಗೆ ಕರೆಂಟು ಹೋಯಿತು. ಮದುಮಗಳು ಅಳುತ್ತ ನಿಂತಿದ್ದಳು. ಅವಳ ತಾಯಿ ಕಾರಿನ ಬಾಗಿಲು ತೆರೆದದ್ದೇ ತಡ, ಒಳಗಿನ ದೀಪ ಹತ್ತಿ ಅವಳ ಮುಖದ ಮೇಲೆ ಬೆಳಕು ಬಿತ್ತು. ಪಕ್ಕದಲ್ಲಿದ್ದ ಅಜ್ಜಿ, "ನೋಡೇ, ಲಕ್ಷ್ಮಿ ದೀಪ ಹಿಡಕಂಡು ಕರೀತಾಳೆ" ಅಂದಳಂತೆ.

ಅಲ್ಲಿಂದ ಶುರುವಾಯಿತು. ಮದುಮಗಳ ತಾಯಿಯೇ ಬಾಗಿಲು ತೆರೆಯಬೇಕು. ತೆರೆಯುವ ಮೊದಲು ಒಂದು ಸಲ ಅರೆಬರೆ ತೆಗೆದು ಆ ಗುಂಡಿಗೆ ಅರಿಶಿನ, ಕುಂಕುಮ, ಚಿಟಿಕೆ ವಿಭೂತಿ ಹಚ್ಚಬೇಕು. ಆಗ ಹತ್ತಿದ ದೀಪ ಲೆಕ್ಕಕ್ಕಿಲ್ಲ. ಆಮೇಲೆ ಮುಚ್ಚಿ, ಮತ್ತೆ ಪೂರ್ತಿ ತೆರೆಯಬೇಕು. ದೀಪ ಹತ್ತಿದರೆ ಹೆಂಗಸರೆಲ್ಲ "ಹತ್ತಿತು!" ಅನ್ನಬೇಕು. ಆಗಲೇ ಹುಡುಗಿ ಕಾಲಿಡಬೇಕು. ಆ ಹೊತ್ತಿನಲ್ಲಿ ಕೈಯಿಂದ ಹಚ್ಚುವ ಕಡ್ಡಿಯನ್ನು ಯಾರೂ ಮುಟ್ಟುತ್ತಿರಲಿಲ್ಲ. ಮುಟ್ಟಬಾರದು ಎಂದು ಯಾರೂ ಹೇಳಿರಲಿಲ್ಲ, ಆದರೂ ಮುಟ್ಟುತ್ತಿರಲಿಲ್ಲ.

ಬರಬರುತ್ತ ಸ್ವಿಚ್ಚು ಸತಾಯಿಸತೊಡಗಿತು. ಒಮ್ಮೆ ಹತ್ತುವುದು, ಒಮ್ಮೆ ಬಾಗಿಲನ್ನು ಎರಡು ಸಲ ಬಡಿದರೆ ಹತ್ತುವುದು. ಗುರುಬಸಣ್ಣ ಬಗ್ಗಿ ಉಫ್ ಎಂದು ಊದುತ್ತಿದ್ದರು.

"ಅದನ್ನ ಒಂದ್ಸಲ ಯಾರಿಗಾದ್ರೂ ತೋರಿಸಬಾರದೇನ್ರೀ?" ಎಂದು ಅವರ ಹೆಂಡತಿ ಶಿವಲೀಲಾ ಕೇಳುವರು.

"ಹತ್ತಿತಲ್ಲ ಬಿಡೇ. ವಯಸ್ಸಾದ ಮೇಲೆ ನೀನೂ ಒಂದೇ ಕೂಗಿಗೆ ಏಳ್ತೀಯೇನು?"

"ನಾನು ಏಳದಿದ್ರೆ ನಿಮಗೆ ಟೀ ಇಲ್ಲ, ನೆಪ್ಪಿರಲಿ."

ಸಾಸ್ವೆಹಳ್ಳಿಯ ಸಂಧ್ಯಾರಾಣಿಯ ಮದುವೆ ಬಂದದ್ದು ಆಗ. ಅವಳ ಅಪ್ಪ ಗುರುಬಸಣ್ಣನ ಜೊತೆ ಓದಿದವರು, ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ತಾಯಿ ಪ್ರೇಮಮ್ಮ ಒಬ್ಬರೇ ಓಡಾಡಿ ಮದುವೆ ಮಾಡಿದ್ದರು. ಹುಡುಗ ಜಗಳೂರು ತಾಲ್ಲೂಕಿನ ಸೊಕ್ಕೆಯವನು, ತಿಪ್ಪೇರುದ್ರಸ್ವಾಮಿ ಎಂದು ಹೆಸರು. ಮುಸ್ಸಂಜೆಗೆ ಮದುಮಗಳನ್ನು ಕಳಿಸುವ ಹೊತ್ತು. ನಾನೂ ಕಾವ್ಯಶ್ರೀಯೂ ಅಕ್ಕಿ ಕಾಳು ಹಿಡಿದು ನಿಂತಿದ್ದೆವು. ತಾಯಿಯೇ ಹಚ್ಚಬೇಕಲ್ಲ, ಗಂಡನಿಲ್ಲದವರು ಎಂದು ಯಾರೂ ತಡೆಯಲಿಲ್ಲ. ಪ್ರೇಮಮ್ಮ ಗುಂಡಿಗೆ ಕುಂಕುಮ ಹಚ್ಚಿದರು, ಬಾಗಿಲು ಮುಚ್ಚಿ ಮತ್ತೆ ತೆರೆದರು.

ದೀಪ ಹತ್ತಲಿಲ್ಲ.

ಮುಚ್ಚಿ ತೆರೆದರು. ಹತ್ತಲಿಲ್ಲ. ಇನ್ನೊಮ್ಮೆ ಬಡಿದು ತೆರೆದರು, ಇಲ್ಲ. ಗದ್ದಲ ಮಾಡುತ್ತಿದ್ದ ಹೆಂಗಸರೆಲ್ಲ ಸುಮ್ಮನಾದರು. ಪ್ರೇಮಮ್ಮನ ಕೈ ಬಾಗಿಲ ಹಿಡಿಕೆಯ ಮೇಲೇ ಉಳಿಯಿತು. ಗುರುಬಸಣ್ಣ ಸ್ಟಿಯರಿಂಗ್ ಹಿಡಿದು ಕತ್ತು ತಿರುಗಿಸಿ ದೀಪವನ್ನೇ ನೋಡುತ್ತಿದ್ದರು. ಕೊನೆಗೆ ಹುಡುಗನ ತಾಯಿ ಉಚ್ಚಂಗೆಮ್ಮ, "ನಡೀರಿ, ಹೊತ್ತಾತು. ಕತ್ತಲಾಗೇ ಬರಬೇಕು ಅಂತ ಬರೆದೈತೆ, ಬರಲಿ" ಅಂದರು. ಸಂಧ್ಯಾರಾಣಿ ಸೀರೆ ಎತ್ತಿ ಹಿಡಿದು ಕತ್ತಲಲ್ಲಿ ತಡವರಿಸಿ ಹತ್ತಿದಳು.

ಒಂದು ಮಳೆಗಾಲ ಕಳೆಯುವುದರೊಳಗೆ ತಿಪ್ಪೇರುದ್ರಸ್ವಾಮಿ ಟ್ರ್ಯಾಕ್ಟರಿನಿಂದ ಬಿದ್ದು ಸೊಂಟ ಮುರಿದುಕೊಂಡ. ಬೇರೆ ಮನೆಯಲ್ಲಾಗಿದ್ದರೆ ಟ್ರ್ಯಾಕ್ಟರನ್ನು ಬೈಯುತ್ತಿದ್ದರು. ಇಲ್ಲಿ ಕಾರಿನ ದೀಪದ ನೆನಪಾಯಿತು. 'ಕತ್ತಲ ಸೊಸೆ' ಎಂದು ಹೆಸರು ಬಿತ್ತು. ಸ್ವಲ್ಪ ದಿನ ತವರಲ್ಲಿ ಇದ್ದು ಬಾ ಎಂದು ಕಳಿಸಿದರು. ಆ ಸ್ವಲ್ಪ ದಿನ ಮುಗಿಯಲೇ ಇಲ್ಲ. ಗಂಡ ಆಗೊಮ್ಮೆ ಈಗೊಮ್ಮೆ ಫೋನು ಮಾಡಿ, "ಅವ್ವ ಒಂಚೂರು ಸಮಾಧಾನ ಆಗ್ಲಿ" ಅನ್ನುತ್ತಿದ್ದನಂತೆ. ಅವಳು ಸಾಸ್ವೆಹಳ್ಳಿಯ ಮನೆಯ ಪಡಸಾಲೆಯಲ್ಲಿ ಹೊಲಿಗೆ ಮಷಿನ್ ಇಟ್ಟುಕೊಂಡು ಕೂತಳು.

ಸುದ್ದಿ ಗಿರಣಿಗೆ ಬಂದದ್ದು ಯಾರದೋ ಜೋಳದ ಚೀಲದ ಜೊತೆಗೆ. ಗುರುಬಸಣ್ಣ ಅದನ್ನು ಕೇಳಿಸಿಕೊಂಡು ಕಾಳು ಸುರಿಯುವುದನ್ನೇ ಮರೆತರು. ಬರೀ ಕಲ್ಲಿಗೆ ಕಲ್ಲು ತಿಕ್ಕಿ ಓಣಿಯ ತುಂಬ ಸುಟ್ಟ ವಾಸನೆ. ಮರುದಿನ ಗಿರಣಿಗೆ ಬೀಗ ಹಾಕಿ ಕಾರು ತೆಗೆದುಕೊಂಡು ಚನ್ನಗಿರಿಗೆ ಹೊರಟರು. ನಾನೂ ಕಾವ್ಯಶ್ರೀಯೂ ಬಟ್ಟೆ ಅಂಗಡಿಯ ನೆಪ ಹೇಳಿ ಹಿಂದಿನ ಸೀಟಿಗೆ ಹತ್ತಿಕೊಂಡೆವು.

ಚನ್ನಗಿರಿಯ ಬಸ್ ಸ್ಟ್ಯಾಂಡಿನ ಆಚೆ ಮಾರುತೇಶ್ ಎಂಬ ಎಲೆಕ್ಟ್ರಿಷಿಯನ್ ಇದ್ದಾರೆ, ಹಳೆಯ ಗಾಡಿಗಳ ವೈರಿಂಗ್ ಮಾಡುವವರು. ಸ್ಕ್ರೂ ತಿರುಗಿಸಿ, ಗುಂಡಿಯನ್ನು ಚೌಕಟ್ಟಿನಿಂದ ಕಿತ್ತು ಅಂಗೈಯಲ್ಲಿಟ್ಟುಕೊಂಡು ನೋಡಿ ಅವರು ಬಾಯಿ ತೆರೆದರು.

"ಏನ್ ಗುರುಬಸಣ್ಣ, ಇದು ಸ್ವಿಚ್ಚಾ, ಚೌಡಮ್ಮನ ಗುಡಿ ಹೊಸಿಲಾ?"

ಗುಂಡಿಯ ಸುತ್ತ, ಅದು ಓಡಾಡುವ ತೂತಿನೊಳಗೆ, ಸ್ಪ್ರಿಂಗಿನ ಸುರುಳಿ ಸುರುಳಿಯಲ್ಲೂ ಕುಂಕುಮ, ಅರಿಶಿನ, ವಿಭೂತಿ. ಒದ್ದೆ ಬೆರಳು, ಎಣ್ಣೆ ಬೆರಳು, ಗಿರಣಿಯ ಹಿಟ್ಟಿನ ಧೂಳು ಎಲ್ಲ ಸೇರಿ ಇಟ್ಟಿಗೆಯಂತೆ ಗಟ್ಟಿಯಾಗಿತ್ತು. ಮೊಳೆಯಿಂದ ಕೆದರಿದರೆ ಕೆಂಪು ಚಕ್ಕೆ ಉದುರಿತು.

"ಗುಂಡಿ ಹೊರಗೆ ಬರಾಕೆ ಜಾಗಾನೇ ಇಲ್ಲ ಕಣ್ರೀ. ಉಸಿರುಗಟ್ಟಿ ಸತ್ತೈತೆ," ಅಂದರು ಮಾರುತೇಶ್. "ಪೂಜೆ ಮಾಡಿ ಮಾಡೀನೇ ಕೊಂದೀರಿ ಇದನ್ನ."

ಗುರುಬಸಣ್ಣ ನಗಲಿಲ್ಲ. "ಹಂಗಂದ್ರೆ ಆ ಹುಡುಗೀದು ಏನೂ ಇಲ್ಲ."

"ಯಾವ ಹುಡುಗಿ?"

"ಏನಿಲ್ಲ ಬಿಡು. ಇನ್ನ ಮುಂದೆ ಯಾವತ್ತೂ ಕೈ ಕೊಡದಂಥದ್ದು ಹಾಕು."

ಮಾರುತೇಶ್ ಹಾಕಿದ್ದು ಆಯಸ್ಕಾಂತದ ಸ್ವಿಚ್ಚು. ಬಾಗಿಲ ಅಂಚಿನೊಳಗೆ ಒಂದು ಪುಟ್ಟ ಆಯಸ್ಕಾಂತ, ಎದುರಿಗೆ ಚೌಕಟ್ಟಿನೊಳಗೆ ನಾಲ್ಕೂ ಕಡೆ ಮುಚ್ಚಿದ ಸಣ್ಣ ಕೊಳವೆಯಂಥ ಸ್ವಿಚ್ಚು. ಬಾಗಿಲು ಹತ್ತಿರವಿದ್ದರೆ ಆಯಸ್ಕಾಂತ ಅದನ್ನು ಹಿಡಿದಿಡುತ್ತದೆ, ದೀಪ ಆರಿರುತ್ತದೆ. ಬಾಗಿಲು ದೂರವಾದರೆ ಹತ್ತುತ್ತದೆ. ಒತ್ತುವ ಗುಂಡಿಯಿಲ್ಲ, ಸವೆಯುವ ಸ್ಪ್ರಿಂಗಿಲ್ಲ, ಧೂಳು ಹೋಗಲು ತೂತಿಲ್ಲ. ಹಳೆಯ ವೈರನ್ನೆಲ್ಲ ಕಿತ್ತು ಹೊಸದು ಎಳೆದರು. ಹಳದಿ ಬಲ್ಬು ತೆಗೆದು ಬೆಳ್ಳನೆಯ ಎಲ್‌ಇಡಿ ಹಾಕಿದರು. ಕಾವ್ಯಶ್ರೀ ಬಾಗಿಲನ್ನು ಹತ್ತಾರು ಸಲ ತೆರೆದಳು, ಮುಚ್ಚಿದಳು. ಒಂದು ಸಲವೂ ತಪ್ಪಲಿಲ್ಲ.

"ಈಗ ಕುಂಕುಮ ಎಲ್ಲಿಗೆ ಹಚ್ತೀರಿ?" ಎಂದು ಮಾರುತೇಶ್ ಛೇಡಿಸಿದರು.

"ನಿನ್ನ ಹಣೆಗೆ," ಅಂದರು ಗುರುಬಸಣ್ಣ. ಅವತ್ತು ಅವರು ಮಾಡಿದ ತಮಾಷೆ ಅದೊಂದೇ. ಹಳೆಯ ಸ್ವಿಚ್ಚನ್ನು ಕರ್ಚೀಫಿನಲ್ಲಿ ಕಟ್ಟಿ ಜೇಬಿಗೆ ಹಾಕಿಕೊಂಡರು.

ಅದನ್ನು ತೋರಿಸಿಬಿಟ್ಟರೆ ಮುಗಿಯಿತು ಎಂದು ಅವರಿಗೆ ಗಟ್ಟಿ ನಂಬಿಕೆ. ಕಣ್ಣಿಗೆ ಕಾಣುವ ವಸ್ತು, ಕೈಯಲ್ಲಿ ಹಿಡಿದು ನೋಡಬಹುದು, ಇನ್ನೇನು ಬೇಕು? ಅದೇ ವಾರ ಸೊಕ್ಕೆಗೆ ಹೋದೆವು. ದಾವಣಗೆರೆ ದಾಟಿ ಜಗಳೂರಿನ ಕಡೆ ತಿರುಗಿದ ಮೇಲೆ ಹೊಲಗಳೆಲ್ಲ ಬಯಲು. ದಾರಿಯುದ್ದಕ್ಕೂ ಅವರು ತಮ್ಮಷ್ಟಕ್ಕೇ ಮಾತು ಜೋಡಿಸಿಕೊಳ್ಳುತ್ತಿದ್ದರು: "ನೋಡ್ರಿ ಅಕ್ಕಾ, ಇದು ಹಿಂಗೆ... ಇಲ್ಲಿ ಹಿಂಗೆ ಕಟ್ಟಿಕಂಡೈತೆ..."

ಉಚ್ಚಂಗೆಮ್ಮ ಕಟ್ಟೆಯ ಮೇಲೆ ಕೂತು ತೊಗರಿ ಹಸನು ಮಾಡುತ್ತಿದ್ದರು. ಮೊರ ಕೆಳಗಿಡದೆ, "ಯಾರು, ಗಿರಣಿ ಸಾಹುಕಾರ್ರಾ? ಬರ್ರಿ. ಬೆಳಕಿನಾಗೇ ಬಂದೀರಲ್ಲ, ಒಳ್ಳೇದಾತು" ಅಂದರು.

ಒಳಗೆ ಮಂಚದ ಮೇಲೆ ತಿಪ್ಪೇರುದ್ರಸ್ವಾಮಿ ಸೊಂಟಕ್ಕೆ ಬೆಲ್ಟು ಹಾಕಿಕೊಂಡು ಮಲಗಿದ್ದ. ನಮ್ಮನ್ನು ನೋಡಿ ಏಳಲು ಹೋಗಿ ಮುಖ ಹಿಂಡಿಕೊಂಡು ಮತ್ತೆ ಒರಗಿದ.

ಗುರುಬಸಣ್ಣ ಕರ್ಚೀಫು ಬಿಚ್ಚಿದರು. "ಅಕ್ಕಾ, ಇದು ನಮ್ಮ ಕಾರಿನ ಬಾಗಿಲ ಸ್ವಿಚ್ಚು. ಒಳಗೆ ನೋಡ್ರಿ, ಕುಂಕುಮ ಕಲ್ಲಾಗೈತೆ. ಗುಂಡಿ ಆಡಾಕೆ ಬಿಟ್ಟಿಲ್ಲ. ಅದಕ್ಕೇ ದೀಪ ಹತ್ತಲಿಲ್ಲ. ತಪ್ಪು ನಂದು, ನಾನು ಮೊದಲೇ ತೋರಿಸಬೇಕಿತ್ತು. ನಿಮ್ಮ ಸೊಸೆದು ಇದರಾಗೆ ಏನೇನೂ ಇಲ್ಲ."

ಉಚ್ಚಂಗೆಮ್ಮ ಅದನ್ನು ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದರು. ಉಗುರಿಗೆ ಕೆಂಪು ಅಂಟಿತು. ತಟ್ಟನೆ ಅದನ್ನು ಎರಡೂ ಕಣ್ಣಿಗೆ ಒತ್ತಿಕೊಂಡರು.

"ಇದು ಎಲ್ಲಾ ಮದುವೇಲೂ ಹಚ್ಚಿದ ಕುಂಕುಮ ಅಲ್ಲೇನ್ರೀ?"

"ಹೂಂ ಅಕ್ಕಾ."

"ಅಷ್ಟು ಹೆಣ್ಣುಮಕ್ಕಳಿಗೂ ದಾರಿ ಬಿಟ್ಟು ಇವಳಿಗೇ ತಡೀತಾ? ಕುಂಕುಮಾನೇ ಬ್ಯಾಡ ಅಂದೈತೆ. ನಾನು ಹೆಂಗ್ರೀ ಬೇಕು ಅನ್ನಲಿ?"

ಗುರುಬಸಣ್ಣ ದಾರಿಯಲ್ಲಿ ಜೋಡಿಸಿಕೊಂಡಿದ್ದರಲ್ಲಿ ಇದಕ್ಕೆ ಉತ್ತರ ಇರಲಿಲ್ಲ.

ಒಳಗಿನಿಂದ ತಿಪ್ಪೇರುದ್ರಸ್ವಾಮಿ, "ಅವ್ವಾ, ಅದು ಬರೀ ಸ್ವಿಚ್ಚು" ಅಂದ.

"ನೀ ಸುಮ್ಕಿರು. ಬಿದ್ದು ಮಲಗಿರೋನು ನೀನು, ಹೇಸಿಗೆ ಬಳಿಯೋಳು ನಾನು."

ಅವನು ಗೋಡೆಯ ಕಡೆ ಮುಖ ತಿರುಗಿಸಿದ. ಉಚ್ಚಂಗೆಮ್ಮ ಆ ಸ್ವಿಚ್ಚನ್ನು ವಾಪಸ್ ಕೊಡಲಿಲ್ಲ. ಎದ್ದು ಹೋಗಿ ದೇವರ ಗೂಡಿನಲ್ಲಿಟ್ಟು ಬಂದರು. ಕುಂಕುಮ ಇರುವ ವಸ್ತುವನ್ನು ಜೇಬಿನಲ್ಲಿಟ್ಟುಕೊಂಡು ತಿರುಗುತ್ತಾರೇನು ಎಂದು ನಮಗೇ ಗದರಿದರು. ನಂತರ ಮಜ್ಜಿಗೆ ಕೊಟ್ಟರು. ಕೆಟ್ಟ ಹೆಂಗಸು ಎಂದು ಹೇಳಿಬಿಟ್ಟರೆ ನನಗೆ ಸುಲಭ. ಆದರೆ ಮಗನ ಕಾಲು ಒತ್ತುತ್ತ ಒತ್ತುತ್ತ ನಮ್ಮೊಡನೆ ಮಾತಾಡುತ್ತಿದ್ದ ಆ ಮುಖದಲ್ಲಿ ನಿದ್ದೆಯೇ ಇರಲಿಲ್ಲ.

ವಾಪಸಾಗುವಾಗ ಸಾಸ್ವೆಹಳ್ಳಿಗೆ ಹೋದೆವು. ನಡೆದದ್ದನ್ನು ಕೇಳಿ ಸಂಧ್ಯಾರಾಣಿ ಬಾಬಿನ್‌ಗೆ ದಾರ ಸುತ್ತುತ್ತಲೇ ಇದ್ದಳು.

"ನಾನು ಅಲ್ಲಿಗೆ ಹೋಗ್ತೀನೋ ಬಿಡ್ತೀನೋ ಆಮೇಲಿನ ಮಾತು ಮಾಮ. ಆ ಹೆಸರು ತೆಗೀಬೇಕು ಅಷ್ಟೇ. ಮಕ್ಕಳ ಲಂಗ ಕೊಡ್ತಾರೆ, ದಿಂಬಿನ ಕವರ್ ಕೊಡ್ತಾರೆ. ಮದುವಣಗಿತ್ತಿ ಬ್ಲೌಸ್ ಮಾತ್ರ ನನ್ನ ಕೈಗೆ ಯಾರೂ ಕೊಡಲ್ಲ. ಮೊನ್ನೆ ಒಬ್ಬಾಕಿ ಅಳತೆ ಕೊಟ್ಟು ಹೋಗಿ, ಅವರಮ್ಮ ಬಂದು ಬಟ್ಟೆ ವಾಪಸ್ ತಗಂಡು ಹೋದ್ಲು."

"ತೆಗಿಸ್ತೀನಮ್ಮ," ಅಂದರು ಗುರುಬಸಣ್ಣ. ಹೇಗೆ ಎಂದು ಅವರಿಗೂ ಗೊತ್ತಿರಲಿಲ್ಲ.

ಆಮೇಲೆ ಆದದ್ದು ಇನ್ನೂ ಕೆಟ್ಟದ್ದು. ಹೊಸ ಸ್ವಿಚ್ಚು ಮಾರುತೇಶ್ ಹೇಳಿದ ಹಾಗೆಯೇ ಕೆಲಸ ಮಾಡಿತು. ಆ ಸೀಸನ್ನಿನಲ್ಲಿ ಹೋದ ಮದುವೆಗಳಲ್ಲೆಲ್ಲ ಬಾಗಿಲು ತೆರೆದರೆ ಸಾಕು, ಹಾಲು ಚೆಲ್ಲಿದಂತೆ ಬೆಳಕು. ಹುಡುಗಿಯರು ಅದನ್ನು ವೀಡಿಯೋ ಮಾಡಿ ಸ್ಟೇಟಸ್ಸಿಗೆ ಹಾಕಿಕೊಂಡರು. ಯಾರೋ ಕೆಳಗೆ ಬರೆದರು: 'ಸಾಸ್ವೆಹಳ್ಳಿಯವಳೊಬ್ಬಳಿಗೆ ಬಿಟ್ಟು ಎಲ್ಲರಿಗೂ ಹತ್ತೈತೆ ನೋಡ್ರಿ.' ಕಾವ್ಯಶ್ರೀ ಅದನ್ನು ಅಪ್ಪನಿಗೆ ತೋರಿಸಿದಳು. ಸ್ವಿಚ್ಚು ಎಷ್ಟು ಚೆನ್ನಾಗಿ ಕೆಲಸ ಮಾಡಿತೋ ಸಂಧ್ಯಾರಾಣಿಯ ಹೆಸರು ಅಷ್ಟೇ ಗಟ್ಟಿಯಾಗಿ ಕೂತಿತು. ಗುರುಬಸಣ್ಣ ಫೋನನ್ನು ಹಿಟ್ಟಿನ ಕೈಯಲ್ಲೇ ಹಿಡಿದು ಬಹಳ ಹೊತ್ತು ನೋಡಿದರು. ಪರದೆಯ ಮೇಲೆ ಬೆರಳಿನ ಬಿಳಿ ಗುರುತು ಉಳಿಯಿತು.

ಅಷ್ಟರಲ್ಲಿ ಕಾವ್ಯಶ್ರೀಗೇ ಗಂಡು ಗೊತ್ತಾಯಿತು. ಜಗಳೂರಿನ ಹುಡುಗ, ಸೊಕ್ಕೆಯವರಿಗೆ ದೂರದ ನೆಂಟರು. ಉಚ್ಚಂಗೆಮ್ಮನೂ ಮದುವೆಗೆ ಬರುವವರೇ. ಒಂದು ಸಂಜೆ ಗಿರಣಿಯಲ್ಲಿ ಕಾವ್ಯಶ್ರೀ ಅಪ್ಪನ ಮುಂದೆ ಚೀಲದ ಮೇಲೆ ಕೂತು ಹೇಳಿದಳು, ನಾನೂ ಇದ್ದೆ.

"ಅಪ್ಪಾಜಿ, ನಂಗೂ ದೀಪ ಹತ್ತೋದು ಬ್ಯಾಡ."

"ಏನಂದೆ?"

"ನಂಗೂ ಹತ್ತದಂಗೆ ಮಾಡ್ರಿ. ಎಲ್ಲರ ಮುಂದೇನೇ. ನಾನು ಕತ್ತಲಾಗೇ ಹತ್ತಿ ಹೋಗಿ ಚೆನ್ನಾಗಿ ಬಾಳ್ತೀನಿ. ಆಮೇಲೆ ಅದೇನಂತಾರೋ ಅನ್ನಲಿ."

"ಹುಚ್ಚಿ. ನಾಳೆ ನಿಂಗೇನಾದ್ರೂ ಆದ್ರೆ?"

ಕಾವ್ಯಶ್ರೀ ಅಪ್ಪನ ಮುಖವನ್ನೇ ನೋಡಿದಳು. "ನೀವೂ ನಂಬ್ತೀರೇನಪ್ಪಾಜಿ ಹಂಗಾರೆ?"

ಅವರು ಎದ್ದು ಹೋಗಿ ಗಿರಣಿಯ ಸ್ವಿಚ್ಚು ಆರಿಸಿದರು. ಸದ್ದು ನಿಂತ ಮೇಲೆ, "ಆಗಲಿ" ಅಂದರು.

ಹುಡುಗನಿಗೆ ಅವಳೇ ಹೇಳಿ ಒಪ್ಪಿಸಿದಳು. ಮದುವೆಯ ಬ್ಲೌಸನ್ನು ಸಂಧ್ಯಾರಾಣಿಯ ಹತ್ತಿರವೇ ಹೊಲಿಸಿದಳು. ತೋಳಿನ ತುದಿಗೆ ಅವಳು ಎಷ್ಟು ಸಣ್ಣ ಕಸೂತಿ ಹಾಕಿದ್ದಳೆಂದರೆ ಎರಡು ಊರಿನ ಹೆಂಗಸರು ಹಿಡಿದು ನೋಡಿದರು, ಯಾರು ಹೊಲಿದದ್ದೆಂದು ಕೇಳಿದರು, ಉತ್ತರ ಕೇಳಿ ಕೈ ಬಿಟ್ಟರು. ಶಿವಲೀಲಾಗೆ ಮಾತ್ರ ದೀಪದ ವಿಷಯ ಹೇಳಲಿಲ್ಲ. "ಅಮ್ಮನಿಗೆ ಗೊತ್ತಾದ್ರೆ ಮದುವೇನೇ ನಿಲ್ಲಿಸ್ತಾಳೆ" ಎಂದು ಕಾವ್ಯಶ್ರೀಯ ಲೆಕ್ಕ.

ಮದುವೆಯ ದಿನ ಬೆಳಿಗ್ಗೆ ಗುರುಬಸಣ್ಣ ಕಾರು ತೊಳೆದು, ಬಾಗಿಲ ಸ್ವಿಚ್ಚಿನ ವೈರನ್ನು ಬಿಚ್ಚಿ ಹಿಂದಕ್ಕೆ ಮಡಚಿಟ್ಟರು. ಬಲ್ಬು ತೆಗೆಯಲಿಲ್ಲ. ಅದನ್ನೂ ತೆಗೆಯಬೇಕೆಂದು ಅವರಿಗೆ ಹೊಳೆದಿದ್ದರೆ ಮುಂದಿನದು ಬೇರೆಯೇ ಆಗುತ್ತಿತ್ತು.

ಸಂಜೆ ಕಳಿಸುವ ಹೊತ್ತಾಯಿತು. ಸಂಧ್ಯಾರಾಣಿ ಬಂದಿದ್ದಳು, ಹಿಂದೆ ಗೋಡೆಯ ಹತ್ತಿರ ನನ್ನ ಪಕ್ಕದಲ್ಲಿ ನಿಂತಿದ್ದಳು. ಉಚ್ಚಂಗೆಮ್ಮ ಮುಂದಿನ ಸಾಲಿನಲ್ಲಿದ್ದರು. ಗುರುಬಸಣ್ಣ ಡ್ರೈವರ್ ಸೀಟಿನಲ್ಲಿ. ಶಿವಲೀಲಾ ಬಾಗಿಲ ಅಂಚಿಗೆ ಕುಂಕುಮ ಹಚ್ಚಿ, ಕಣ್ಣು ಮುಚ್ಚಿ ಏನೋ ಬೇಡಿಕೊಂಡು, ಬಾಗಿಲು ತೆರೆದರು.

ಕತ್ತಲು.

ಅದೇ ಮೌನ. ಅವತ್ತು ಸಾಸ್ವೆಹಳ್ಳಿಯಲ್ಲಿ ಕೇಳಿದ್ದೇ. ಶಿವಲೀಲಾ ಮುಚ್ಚಿ ತೆರೆದರು. ಯಾರೋ "ಅಯ್ಯೋ" ಅಂದರು. ಕಾವ್ಯಶ್ರೀ ತಲೆಯೆತ್ತಿ, "ಇರ್ಲಿ ಬಿಡಮ್ಮ, ನಾನು ಹತ್ತುತೀನಿ" ಎಂದು ಕಾಲೆತ್ತಿದಳು.

"ನಿಲ್ಲೇ!" ಎಂದು ಕಿರುಚಿದ ಶಿವಲೀಲಾ ಮಗಳ ಎದೆಗೆ ಕೈಯಿಟ್ಟು ಹಿಂದಕ್ಕೆ ತಳ್ಳಿ, ತಾವೇ ಅರ್ಧ ಮೈ ಕಾರಿನೊಳಗೆ ನುಗ್ಗಿಸಿ, ಕೈ ಮೇಲೆತ್ತಿ ಆ ಕಡ್ಡಿಯನ್ನು ಒತ್ತಿಬಿಟ್ಟರು.

ಬೆಳ್ಳನೆಯ ಬೆಳಕು ತುಂಬಿಕೊಂಡಿತು.

"ಹತ್ತಿತು! ಹತ್ತಿತು!" ಹೆಂಗಸರೆಲ್ಲ ಒಟ್ಟಿಗೆ ಉಸಿರು ಬಿಟ್ಟರು. ಬ್ಯಾಂಡಿನವರು ಬಾರಿಸಿದರು. ಗುರುಬಸಣ್ಣ ಬಾಗಿಲು ತೆರೆದು ಇಳಿದು, "ನಾನೇ ವೈರು ಬಿಚ್ಚಿದ್ದು! ಕೇಳ್ರಿ ಇಲ್ಲಿ, ನಾನೇ ಬಿಚ್ಚಿದ್ದು!" ಎಂದು ಕೂಗಿದರು. ಪಕ್ಕದವರೊಬ್ಬರು ಅವರ ಭುಜ ತಟ್ಟಿ, "ಮಗಳನ್ನ ಕಳಿಸೋ ಹೊತ್ನಾಗೆ ಯಾರಿಗಾದ್ರೂ ಹಿಂಗೇ ಆಗ್ತೈತೆ, ನಡೀರಿ" ಎಂದು ಮತ್ತೆ ಸೀಟಿನಲ್ಲಿ ಕೂರಿಸಿದರು. ಕಾವ್ಯಶ್ರೀ ದೀಪ ಆರಿಸಲು ಕೈಯೆತ್ತಿದರೆ ತಾಯಿ ಅದನ್ನು ಹಿಡಿದು ಕೆಳಗಿಳಿಸಿದರು. "ಮುಟ್ಟಬ್ಯಾಡ ನನ್ನವ್ವ. ನಿನ್ನ ಕಾಲಿಗೆ ಬೀಳ್ತೀನಿ."

ಉಚ್ಚಂಗೆಮ್ಮ ಸೆರಗು ಸರಿಮಾಡಿಕೊಂಡು ಹೇಳಿದರು: "ಬಿಡ್ರಿ, ತಾಯಿ ಕೈಲಿ ಹತ್ತಿದ್ರೂ ದೀಪ ದೀಪಾನೇ. ಹೊತ್ತಾತು, ಹೊರಡ್ರಿ."

ನನ್ನ ಪಕ್ಕದಲ್ಲಿ ಸಂಧ್ಯಾರಾಣಿ ಮೆಲ್ಲಗೆ ಕೇಳಿದಳು. "ಆ ಕಡ್ಡಿ ಅವತ್ತೂ ಇತ್ತೇನೇ?"

ನಾನು ಸುಳ್ಳು ಹೇಳಬಹುದಿತ್ತು. "ಇತ್ತು," ಅಂದೆ.

ಅವಳು ಊಟಕ್ಕೆ ನಿಲ್ಲಲಿಲ್ಲ. ಹೊನ್ನಾಳಿ ರಸ್ತೆಯ ಬಸ್ ಸ್ಟಾಪಿನವರೆಗೆ ನಾನೂ ಹೋದೆ. ಸ್ವಲ್ಪ ಹೊತ್ತಿಗೆ ಕಾರು ಆ ದಾರಿಯಲ್ಲೇ ಬಂತು. ಒಳಗಿನ ದೀಪ ಉರಿಯುತ್ತಲೇ ಇತ್ತು, ಆರಿಸುವ ಧೈರ್ಯ ಯಾರಿಗೂ ಇರಲಿಲ್ಲ. ಕಾವ್ಯಶ್ರೀ ಅಳುತ್ತಿದ್ದುದು, ಅವಳ ತೋಳಿನ ಕಸೂತಿ, ಗುರುಬಸಣ್ಣನ ಬಿಗಿದ ದವಡೆ ಎಲ್ಲವೂ ನಮಗೆ ಕಂಡಿತು. ನಾನು ಕೈಯೆತ್ತಿದೆ. ಅಷ್ಟು ಬೆಳಕಿನೊಳಗಿದ್ದವರಿಗೆ ಹೊರಗೆ ನಿಂತವರು ಕಾಣುವುದಿಲ್ಲ. ಕಾರು ಮುಂದೆ ಹೋಯಿತು.

ಕಾವ್ಯಶ್ರೀ ಜಗಳೂರಿನಲ್ಲಿ ಚೆನ್ನಾಗಿದ್ದಾಳೆ. ಅವಳು ಚೆನ್ನಾಗಿರುವುದೂ ಆ ದೀಪದ ಪಾಲಿಗೇ ಹೋಯಿತು. ಗಿರಣಿಗೆ ಬಂದವರು, "ಸಮಯಕ್ಕೆ ತಾಯಿ ಕೈ ಹೋತಲ್ಲ, ಪುಣ್ಯ" ಅನ್ನುತ್ತಾರೆ. ಗುರುಬಸಣ್ಣ ದೀಪವನ್ನೂ ಕಡ್ಡಿಯನ್ನೂ ಕಿತ್ತು ಹಾಕಿದ್ದಾರೆ, ಚಾವಣಿಯಲ್ಲಿ ಒಂದು ತೂತು ಉಳಿದಿದೆ. ಕಾರು ಶೆಡ್ಡಿನಿಂದ ಹೊರಗೆ ಬಂದಿಲ್ಲ.

ಹೋದ ತಿಂಗಳು ಒಂದು ದಿನ, "ಸಾಸ್ವೆಹಳ್ಳಿಗೆ ಹೋಗಬೇಕು, ನೀನೂ ಬಾರಮ್ಮ, ಒಬ್ಬನಿಗೆ ಆಗಲ್ಲ" ಅಂದರು. ಬಸ್ಸಿನಲ್ಲಿ ಹೋದೆವು. ಸಂಧ್ಯಾರಾಣಿ ಮಷಿನ್ ನಿಲ್ಲಿಸಿ ಸ್ಟೂಲು ಕೊಟ್ಟಳು. ಅವರು ಕೂರಲಿಲ್ಲ.

"ಕೈ ಚಾಚಿದ್ರೆ ಸಿಗ್ತಿತ್ತು ತಾಯಿ," ಅಂದರು. "ದಿನಾ ಕನ್ನಡಕ ಹುಡುಕಾಕೆ ಒತ್ತೋ ಕಡ್ಡಿ. ಅವತ್ತು ಕೈ ಏಳಲಿಲ್ಲ. ನಾನೂ ಎಲ್ಲರಂಗೆ ಕಾಯ್ತಾ ಕುಂತಿದ್ದೆ, ಹತ್ತುತ್ತೋ ಇಲ್ಲೋ ಅಂತ."

ಅವಳು ಬಟ್ಟೆಯ ಮೇಲಿನ ದಾರದ ತುಣುಕುಗಳನ್ನು ಒಂದೊಂದಾಗಿ ಆರಿಸಿ ತೆಗೆದಳು.

"ಕಡ್ಡಿ ಇದ್ದಿದ್ದು ನಂಗೆ ಗೊತ್ತಿರಲಿಲ್ಲ ಮಾಮ. ಉಳಿದಿದ್ದು ಗೊತ್ತಿತ್ತು. ಅವತ್ತು ರಾತ್ರಿ ಸೊಕ್ಕೆಗೆ ಹೋಗೋವಾಗ ಎದುರಿಗೆ ಲಾರಿ ಬಂದಾಗಲೆಲ್ಲ ಕನ್ನಡಿಯಾಗೆ ನಿಮ್ಮ ಮುಖ ಕಾಣ್ತಿತ್ತು. ನೀವೂ ಹೆದರಿದ್ರಿ."

ಗುರುಬಸಣ್ಣ ಆಗ ಕೂತರು. ಒಳಗಿನಿಂದ ಪ್ರೇಮಮ್ಮ ಟೀ ತಂದಿಟ್ಟು ಹೋದರು, ಅದು ಆರಿ ಕೆನೆಗಟ್ಟಿತು. ಸ್ವಲ್ಪ ಹೊತ್ತಿನ ಮೇಲೆ ಸಂಧ್ಯಾರಾಣಿ ಮತ್ತೆ ಮಷಿನ್ ತುಳಿಯತೊಡಗಿದಳು. ಅವಳು ಹೊಲಿಯುತ್ತಿದ್ದದ್ದು ದಿಂಬಿನ ಕವರ್.